ಆಲ್ಟೊ, ಟೆನರ್ ಮತ್ತು ನಾಗಸ್ವರದ ನೆನಪು

ಸನಾದಿಯ ದನಿ ಕೇಳುತ್ತ ಬೆಳೆದ ನಮ್ಮ ಕಾನಹೊಸಹಳ್ಳಿಯ ಕಡೆಯವರಿಗೆ ಸ್ಯಾಕ್ಸೊಫೋನ್ ಬಹುಕಾಲ ಬ್ಯಾಂಡಿನವರ ವಾದ್ಯವೇ ಆಗಿತ್ತು. ಅದರಲ್ಲಿ ರಾಗಾಲಾಪನೆಯೂ ಸಾಧ್ಯವೆಂದು ನಮಗೆ ಮನಗಾಣಿಸಿದವರು ಕದ್ರಿ ಗೋಪಾಲನಾಥ್. ಅವರು ಕೈಗೆತ್ತಿಕೊಂಡದ್ದು ಆಲ್ಟೊ. ಅದಕ್ಕಿಂತ ದೊಡ್ಡದಾದ, ತುಂಬುದನಿಯ ಟೆನರನ್ನಲ್ಲ. ಇವೆರಡರ ನಾದಭೇದವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ 1846ರಲ್ಲಿ ಈ ವಾದ್ಯಕುಟುಂಬಕ್ಕೆ ಪೇಟೆಂಟ್ ಪಡೆದನು. ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಜೊಂಡಿನ ರೀಡಿನಿಂದ. ಕೊಳವೆಯು ಬಾಯಿಂದ ತುದಿಯವರೆಗೆ ಅಗಲವಾಗುತ್ತ ಹೋಗುತ್ತದೆ. ನಾಗಸ್ವರದ ಒಡಲೂ ಹಾಗೆಯೇ ಅಲ್ಲವೆ? ಆದರೆ ನಾಗಸ್ವರಕ್ಕೆ ಜೋಡಿ ರೀಡು, ಇದಕ್ಕೆ ಒಂಟಿ. ಇನ್ನೂ ಮುಖ್ಯವಾದ ವ್ಯತ್ಯಾಸ ಬೆರಳಿನದು. ನಾಗಸ್ವರದವನು ರಂಧ್ರವನ್ನು ಅರೆಬರೆ ಮುಚ್ಚಿ ಗಮಕವನ್ನು ತೆಗೆಯುತ್ತಾನೆ. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳು ಅಡ್ಡ ನಿಂತಿವೆ. ಆದ್ದರಿಂದ ಸ್ವರವನ್ನು ತೂಗುವ ಭಾರ ಬಹುಮಟ್ಟಿಗೆ ತುಟಿ, ಗಂಟಲು, ಉಸಿರುಗಳ ಮೇಲೆ ಬೀಳುತ್ತದೆ.

ಟೆನರಿನ ಸ್ಥಾಯಿ ಆಲ್ಟೊಗಿಂತ ಷಡ್ಜ–ಮಧ್ಯಮಗಳ ಅಂತರದಷ್ಟು ತಗ್ಗು. ಅದರ ಒಡಲು ದೊಡ್ಡದು, ರೀಡು ಅಗಲ, ಬೇಡುವ ಗಾಳಿಯೂ ಹೆಚ್ಚು. ಆಲ್ಟೊದ ಸ್ವರ ತುಟಿಯ ಅಲ್ಪ ಒತ್ತಡಕ್ಕೂ ಬಾಗುತ್ತದೆ. ಕೋಲ್ಮನ್ ಹಾಕಿನ್ಸ್ 1939ರಲ್ಲಿ ಧ್ವನಿಮುದ್ರಿಸಿದ ‘ಬಾಡಿ ಅಂಡ್ ಸೋಲ್’ ಕೇಳಿದರೆ ಟೆನರಿನ ಗಾಂಭೀರ್ಯ ತಿಳಿಯುತ್ತದೆ. ಡ್ಯೂಕ್ ಎಲಿಂಗ್ಟನ್ನನ ವಾದ್ಯಮೇಳದಲ್ಲಿದ್ದ ಜಾನಿ ಹಾಜಸ್‌ನ ಆಲ್ಟೊದಲ್ಲಾದರೋ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜಾರು, ನಮ್ಮವರೂ ತಲೆದೂಗುವಂಥದು. ಹಾಗೆಂದು ಎಲ್ಲವನ್ನೂ ವಾದ್ಯದ ಮೇಲೆಯೇ ಹೊರಿಸಲಾಗದು. ಲೆಸ್ಟರ್ ಯಂಗನ ಟೆನರ್ ಹಗುರಾಗಿ, ತೇಲುವಂತೆ ನುಡಿಯುತ್ತಿತ್ತು. ಹಳೆಯ ವಾದ್ಯಗಳ ದುಂಡು ದನಿಯನ್ನು ಹಿತ್ತಾಳೆಯ ಮಹಿಮೆಯೆಂದು ಹೊಗಳುವವರಿದ್ದಾರೆ. ಆ ಕಾಲದ ಬಾಯಿತುಂಡಿನ ಒಳಗುಡಿ ವಿಶಾಲವಾಗಿದ್ದುದಕ್ಕೆ ನಾನು ಹೆಚ್ಚಿನ ಪಾಲು ಕೊಡುತ್ತೇನೆ. ವಿದ್ಯುತ್ ಗಿಟಾರುಗಳೊಡನೆ ಸೆಣಸಬೇಕಾಗಿ ಬಂದಾಗ ಅದು ಕಿರಿದಾಯಿತು, ದನಿ ಹರಿತವಾಯಿತು.

ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಹುಡುಗ, ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಶಿಷ್ಯನಾದ. ಮುಂದೆ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ ದೊರೆಯಿತು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಡನೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. ಆ ಆಲ್ಟೊದಲ್ಲಿ ನನಗೆ ಕೇಳಿಸುವುದು ಜಾಝ್‌ಗಿಂತ ಹೆಚ್ಚಾಗಿ ತನಿಯಪ್ಪನವರ ಮನೆಯ ವಾದ್ಯ. ಟೆನರಿನಿಂದ ಆ ಬಿಗಿ, ಆ ಮೊನಚು ಬರುತ್ತಿತ್ತೆಂದು ನನಗನ್ನಿಸದು.

ಈ ಗೆಲುವಿಗೆ ಇನ್ನೊಂದು ಮುಖವಿದೆ. ಕರಾವಳಿಯ ದೇವಸ್ಥಾನಗಳ ಉತ್ಸವಗಳಲ್ಲಿ, ಭೂತಕೋಲಗಳಲ್ಲಿ ಇಂದು ಸ್ಯಾಕ್ಸೊಫೋನ್ ಸಾಮಾನ್ಯ. ನಾಗಸ್ವರ ನುಡಿಸುತ್ತಿದ್ದ ಮನೆತನಗಳ ಮಕ್ಕಳೇ ಅದನ್ನು ಹಿಡಿದಿದ್ದಾರೆ. ಅವರನ್ನು ದೂರುವುದು ಅನ್ಯಾಯ. ಆದರೆ ನಾಗಸ್ವರವನ್ನು ಕೇಳದೆ ಬೆಳೆದ ಕಿವಿಗೆ ಆಲ್ಟೊ ಯಾವುದನ್ನು ನೆನಪಿಸೀತು? ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಅಮೆರಿಕದ ರುದ್ರೇಶ್ ಮಹಾಂತಪ್ಪ ಅವರೊಡನೆ 2008ರಲ್ಲಿ ಹೊರತಂದ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆಯಲ್ಲಿ ಎರಡು ಆಲ್ಟೊಗಳು ಜೊತೆಗೂಡಿವೆ: ಒಂದು ನಾಗಸ್ವರದ ಮನೆಯಿಂದ ಬಂದದ್ದು, ಇನ್ನೊಂದು ಜಾಝ್ ಮನೆಯಿಂದ.