ಸಿಡಿ ಎಂಬ ಒಂದೇ ಹೆಸರು: ಕಡಲೆಯ ಬೇರು ರೋಗ, ಮಳೆ ಮತ್ತು ಸಂಶೋಧನೆಯ ಹಾದಿ

ಉತ್ತರ ಕರ್ನಾಟಕದ ಎರೆಹೊಲದಲ್ಲಿ ಕಡಲೆ ಗಿಡ ಇದ್ದಕ್ಕಿದ್ದಂತೆ ಒಣಗಿದರೆ ‘ಸಿಡಿ ರೋಗ’ ಎನ್ನುತ್ತಾರೆ. ಹೆಸರು ಒಂದೇ, ಕೊಲ್ಲುವ ಶಿಲೀಂಧ್ರ ಒಂದೇ ಅಲ್ಲ. ಸಂಶೋಧನೆಯೂ ಬಹುಕಾಲ ಅವುಗಳಲ್ಲಿ ಒಂದರ ಬೆನ್ನು ಹತ್ತಿತ್ತು.

ಆ ಒಂದು, ಫ್ಯುಸೇರಿಯಂ ಎಂಬ ಶಿಲೀಂಧ್ರ ತರುವ ಸೊರಗು ರೋಗ. ಭಾರತದಲ್ಲಿ ಇದನ್ನು ಶಿಲೀಂಧ್ರ ವಿಜ್ಞಾನಿ ಬಟ್ಲರ್ 1918ರಲ್ಲಿ ದಾಖಲಿಸಿದರು. 1940ರಲ್ಲಿ ಪ್ಯಾಡ್ವಿಕ್ ಶಿಲೀಂಧ್ರಕ್ಕೆ ಹೆಸರಿಟ್ಟರು. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ 1972ರಲ್ಲಿ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಹುಟ್ಟಿದ ಮೇಲೆ ಕೆಲಸ ಬಿರುಸಾಯಿತು. ರೋಗ ತುಂಬಿದ ಹೊಲದಲ್ಲೇ ತಳಿಗಳನ್ನು ಬಿತ್ತಿ ಬದುಕುಳಿದವನ್ನು ಆರಿಸುವುದು ಅಲ್ಲಿನ ಪದ್ಧತಿ. 1982ರಲ್ಲಿ ಅಲ್ಲಿನ ವಿಜ್ಞಾನಿಗಳಾದ ಹವಾರೆ ಮತ್ತು ನೆನೆ ಈ ಶಿಲೀಂಧ್ರದ ನಾಲ್ಕು ರೇಸ್‌ಗಳನ್ನು, ಅಂದರೆ ಒಳಬಗೆಗಳನ್ನು, ಗುರುತಿಸಿದರು: ಹೈದರಾಬಾದಿನದು, ಕಾನ್ಪುರದ್ದು, ಗುರುದಾಸಪುರದ್ದು, ಹಿಸಾರಿನದು. ಒಂದೂರಿನಲ್ಲಿ ಗೆದ್ದ ತಳಿ ಇನ್ನೊಂದೂರಿನಲ್ಲಿ ಸೋಲುವುದೇಕೆ ಎಂಬುದು ಇದರಿಂದ ತಿಳಿಯಿತು. ಕಡಲೆಯೇ ಇಲ್ಲದ ಮಣ್ಣಿನಲ್ಲೂ ಈ ಶಿಲೀಂಧ್ರ ಆರು ವರ್ಷ ಬದುಕಬಲ್ಲದು. ಎರಡು ವರ್ಷ ಜೋಳ ಬಿತ್ತಿದರೆ ತೊಲಗುವ ಪೀಡೆ ಇದಲ್ಲ.

ಸೊರಗಿದ ಗಿಡದ ಬೇರು ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಸೀಳಿದರೆ ಒಳಗೆ ಕಂದು ಗೆರೆ. ಎರಡನೆಯದು, ರೈಜೋಕ್ಟೋನಿಯಾ ಬಟಾಟಿಕೋಲ ಎಂಬ ಶಿಲೀಂಧ್ರ ತರುವ ಒಣ ಬೇರು ಕೊಳೆ, ಹಾಗಲ್ಲ. ಗಿಡ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಕವಲು ಬೇರು ಉದುರಿ ತಾಯಿಬೇರು ಕಪ್ಪಾಗಿ ಪೆಡಸಾಗುತ್ತದೆ. ಮೂರನೆಯದು ಸ್ಕ್ಲೆರೋಷಿಯಂ ತರುವ ಬುಡ ಕೊಳೆ: ಎಳೆಯ ಸಸಿಯ ಕೊರಳಿಗೆ ಬಿಳಿ ನೂಲು, ಅದರ ಮೇಲೆ ಸಾಸಿವೆಯಂಥ ಗಂಟುಗಳು.

ಇಲ್ಲಿ ಮಳೆಯ ಮಾತು ಬರುತ್ತದೆ. ರಾಜ್ಯದ ಉತ್ತರ ಒಣ ವಲಯದಲ್ಲಿ ವರ್ಷಕ್ಕೆ ಸುಮಾರು 465ರಿಂದ 785 ಮಿ.ಮೀ. ಮಳೆ, ಬೀದರ್ ಇರುವ ಈಶಾನ್ಯ ಪರಿವರ್ತನಾ ವಲಯದಲ್ಲಿ 830ರಿಂದ 890. ಈ ಅಂಕಿಗಳನ್ನು ನೋಡಿ ಇಂಥ ಕಡೆ ಇಂಥ ರೋಗ ಎಂದು ಗೆರೆ ಎಳೆಯುವುದು ಸುಲಭ, ಆದರೆ ಅದು ಅರೆಸತ್ಯ ಎಂಬುದು ನನ್ನ ವಾದ. ಹಿಂಗಾರಿ ಕಡಲೆ ಬದುಕುವುದು ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆ. ಹಾಗಾಗಿ ಎಷ್ಟು ಮಳೆ ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ಬಿತ್ತನೆ ಹೊತ್ತಿಗೆ ನೆಲ ಹಸಿಯಾಗಿ, ಹಿಂದಿನ ಬೆಳೆಯ ಕೂಳೆ ಕೊಳೆಯದೆ ಉಳಿದಿದ್ದರೆ ಬುಡ ಕೊಳೆ. ಕಾಯಿ ಕಟ್ಟುವಾಗ ತೇವ ಬತ್ತಿ ಬಿಸಿಲು 30 ಡಿಗ್ರಿ ದಾಟಿದರೆ ಒಣ ಬೇರು ಕೊಳೆ. ಸೊರಗು ಸಸಿಯಲ್ಲೂ ಬರುತ್ತದೆ, ಹೂವಿನ ನಂತರವೂ ಬರುತ್ತದೆ. ಮೂರೂ ಒಂದೇ ಹೊಲಕ್ಕೆ ಒಂದೇ ಹಂಗಾಮಿನಲ್ಲಿ ಸರದಿಯಂತೆ ಬರಬಹುದು.

ಸಂಶೋಧನೆ ಒಂದೇ ರೋಗದ ಬೆನ್ನು ಹತ್ತಿದ್ದರ ಮಿತಿ ಅಣ್ಣಿಗೇರಿ ಎಂಬ ಕಡಲೆ ತಳಿಯ ಕಥೆಯಲ್ಲಿ ಎದ್ದು ಕಾಣುತ್ತದೆ. ಈ ತಳಿಯನ್ನು ರೈತರು ದಶಕಗಳ ಕಾಲ ಬಿಟ್ಟುಕೊಡಲಿಲ್ಲ, ಸೊರಗಿಗೆ ಬಲಿಯಾಗುತ್ತಿದ್ದರೂ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್, ಡಬ್ಲ್ಯೂಆರ್ 315 ಎಂಬ ತಳಿಯ ನಿರೋಧಕ ಗುಣವನ್ನು ಅದಕ್ಕೆ ಸೇರಿಸಿ ರೂಪಿಸಿದ ಸೂಪರ್ ಅಣ್ಣಿಗೇರಿ 2019ರಲ್ಲಿ ಹೊರಬಂತು. ಆ ನಿರೋಧಕತೆ ಸೊರಗಿನ ವಿರುದ್ಧದ್ದು. ಒಣ ಬೇರು ಕೊಳೆಯ ಶಿಲೀಂಧ್ರವೇ ಬೇರೆ, ಅದಕ್ಕೆ ಪೂರ್ಣ ನಿರೋಧಕ ಮೂಲ ಇನ್ನೂ ಸಿಕ್ಕಿಲ್ಲ. ಆ ರೋಗ ತಗುಲಿದ ಗಿಡವನ್ನು ಕಿತ್ತರೆ ಬುಡವಷ್ಟೇ ಕೈಗೆ ಬರುತ್ತದೆ. ಬೇರಿನ ತುದಿ ಮುರಿದು, ಶಿಲೀಂಧ್ರದ ಕಪ್ಪು ಗಂಟುಗಳ ಸಮೇತ ಮುಂದಿನ ಹಿಂಗಾರಿಗೆ ಮಣ್ಣಿನಲ್ಲೇ ಉಳಿಯುತ್ತದೆ.