ಚಿತ್ತವಿಭ್ರಮವೂ ಶುಶ್ರೂಷೆಯೂ

ರೋಗಿಗಳ ಉಪಚಾರಕ್ಕೆ ನಾವು ದಿನವೂ ಬಳಸುವ ‘ಶುಶ್ರೂಷೆ’ ಎಂಬ ಶಬ್ದದ ನಿಷ್ಪತ್ತಿಯು ವ್ಯಾಕರಣಾಭಿಜ್ಞರಾದ ವಾಚಕರಿಗೆ ವಿದಿತವೇ ಆಗಿದೆ. ‘ಶ್ರು’ ಧಾತುವಿನ ಮೇಲೆ ಇಚ್ಛಾರ್ಥದ ‘ಸನ್’ ಪ್ರತ್ಯಯವು ಬಂದು, ‘ಕೇಳಬೇಕೆಂಬ ಇಚ್ಛೆ’ ಎಂಬುದೇ ಅದರ ಮೊದಲ ಅರ್ಥವಾಯಿತು. ಗುರುವಿನ ಮಾತನ್ನು ಕೇಳಬೇಕೆಂಬ ಶಿಷ್ಯನ ಬಯಕೆಯಿಂದ ಗುರುಸೇವೆಯೆಂಬ ಅರ್ಥವೂ, ಅಲ್ಲಿಂದ ರೋಗಿಯ ಸೇವೆಯೆಂಬ ಅರ್ಥವೂ ಬೆಳೆದುವು. ಮೈಯ ರೋಗಗಳಲ್ಲಿ ಈ ಮೂಲಾರ್ಥವು ಮರೆತುಹೋದರೂ ದೊಡ್ಡ ಬಾಧಕವಿಲ್ಲ. ಸ್ಮೃತಿಯಳಿದು, ಬುದ್ಧಿ ಕದಡಿ, ಇಲ್ಲದುದನ್ನು ಇದೆಯೆಂದು ನಂಬಿದ ರೋಗಿಯ ವಿಷಯದಲ್ಲಾದರೋ ಅದೇ ಉಪಚಾರದ ಸಾರವೆಂದು ನನಗೆ ತೋರುತ್ತದೆ. ಇದನ್ನು ಪ್ರಾಚೀನ ಶಾಸ್ತ್ರದಿಂದಲೂ ಬೆಂಗಳೂರು ಸೀಮೆಯ ಇತಿಹಾಸದಿಂದಲೂ ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ನುಡಿಯ ಹೆಸರುಗಳನ್ನು ನೋಡೋಣ. ಹಳಗನ್ನಡದ ‘ಮರುಳ್’ ಎಂಬುದಕ್ಕೆ ಬುದ್ಧಿಭ್ರಮೆಯೆಂದೂ ಪಿಶಾಚವೆಂದೂ ಎರಡರ್ಥಗಳುಂಟು. ರನ್ನನ ಗದಾಯುದ್ಧದ ರಣರಂಗದಲ್ಲಿ ಕಾಣುವ ಮರುಳುಗಳು ಪಿಶಾಚಗಳೇ. ಮುಪ್ಪಿನ ಮರವೆಗಾದರೋ ‘ಅರಳುಮರಳು’ ಎಂಬ ಜೋಡುನುಡಿ ಬಳಕೆಯಲ್ಲಿದೆ. ಅರವತ್ತಕ್ಕೆ ಅದು ಬರುವುದೇ ಸರಿಯೆಂಬಂತೆ ಗಾದೆಯೂ ಇದೆ. ಈ ಎರಡು ಹೆಸರುಗಳಿಂದ ಎರಡು ಬಗೆಯ ಅನ್ಯಾಯಗಳಾದುವು. ಒಂದನ್ನು ದೆವ್ವವೆಂದು ಹೆದರಿ ಹೊಡೆದು ಬಿಡಿಸಲು ಹೊರಟೆವು. ಇನ್ನೊಂದನ್ನು ಮುಪ್ಪೆಂದು ಬಗೆದು ಮೂಲೆಯಲ್ಲಿ ಕೂರಿಸಿದೆವು. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಎಂಬವರು ೧೯೦೬ರಲ್ಲಿ ತಮ್ಮ ರೋಗಿಯೊಬ್ಬಳ ಮೆದುಳಿನಲ್ಲಿ ಕಂಡ ವಿಕಾರಗಳನ್ನು ವಿದ್ವತ್ಸಭೆಯಲ್ಲಿ ವಿವರಿಸಿದರು. ಇಂತಹ ಸ್ಮೃತಿಭ್ರಂಶವು ಬರಿಯ ಮುಪ್ಪಲ್ಲ, ಮೆದುಳಿನ ರೋಗ ಎಂಬುದು ಈಗ ನಿಶ್ಚಿತವಾಗಿದೆ.

ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದವನ್ನು ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೆಂದು ಹೇಳಿದೆ. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಂತು ಉಪಚರಿಸುವವನು. ಅವನಿಗೆ ಉಪಚಾರಜ್ಞಾನ, ದಕ್ಷತೆ, ಒಡೆಯನಲ್ಲಿ ಅನುರಾಗ, ಶೌಚ ಎಂಬ ನಾಲ್ಕು ಗುಣಗಳು ಬೇಕು. ಮುಂದೆ ಆತುರಶಾಲೆಯ ವರ್ಣನೆಯಲ್ಲಿ ಅಡುಗೆ, ಸ್ನಾನ, ಮೈಯೊತ್ತುವುದು, ಎಬ್ಬಿಸಿ ಮಲಗಿಸುವುದು ಇವುಗಳನ್ನು ಬಲ್ಲವರ ಜೊತೆಗೆ ಹಾಡುವವರೂ ಕಥೆ ಹೇಳುವವರೂ ಇರಬೇಕೆಂದಿದೆ. ಆದರೆ ಶಾಸ್ತ್ರದ ಮತ್ತೊಂದು ಮುಖವನ್ನು ಮರೆಮಾಡುವುದು ವಿದ್ವಾಂಸರಿಗೆ ಯೋಗ್ಯವಲ್ಲ. ಉನ್ಮಾದಚಿಕಿತ್ಸೆಯ ಅಧ್ಯಾಯದಲ್ಲಿ ಸ್ನೇಹಿತರು ಧರ್ಮಾರ್ಥಯುಕ್ತವಾದ ಮಾತುಗಳಿಂದ ಸಮಾಧಾನಪಡಿಸಬೇಕೆಂದು ವಿಧಿಸಿದಂತೆಯೇ ತಾಡನ, ತ್ರಾಸನ, ಕತ್ತಲೆಮನೆಯಲ್ಲಿ ಬಂಧನ ಇವೂ ಹೇಳಲ್ಪಟ್ಟಿವೆ. ಅಲ್ಲಿಯೂ ಕಟ್ಟುವ ಪಟ್ಟಿ ಗಟ್ಟಿಯಾಗಿರುವಂತೆಯೇ ಸುಖಕರವೂ ಆಗಿರಬೇಕೆಂದೂ, ಕೋಣೆಯಲ್ಲಿ ಕಬ್ಬಿಣ ಮರ ಮೊದಲಾದುವು ಇರಬಾರದೆಂದೂ ಎಚ್ಚರಿಕೆಯಿದೆಯೆಂಬುದು ನಿಜ. ಆದರೂ ಭಯವೂ ಅನುರಾಗವೂ ಒಂದೇ ಅಧ್ಯಾಯದಲ್ಲಿ ನೆಲಸಿದುವು. ಬಳಿಕ ಬಂದವರಿಗೆ ಭಯವೇ ಸುಲಭವಾಯಿತು.

ಬೆಂಗಳೂರಿನ ಇತಿಹಾಸವು ಈ ಎರಡು ಮಾರ್ಗಗಳ ನಡುವಣ ದೀರ್ಘ ಪ್ರಯಾಣವೇ ಆಗಿದೆ. ಕಮಿಷನರ್ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ, ೧೮೪೭ರ ಸುಮಾರಿಗೆ, ವೈದ್ಯರಾದ ಚಾರ್ಲ್ಸ್ ಇರ್ವಿಂಗ್ ಸ್ಮಿತ್ತರ ಪ್ರಯತ್ನದಿಂದ ಪೇಟೆಯಲ್ಲಿ ಉನ್ಮತ್ತರ ಆಶ್ರಯವೊಂದು ಏರ್ಪಟ್ಟಿತು. ಜನರು ಇಂತಹದನ್ನು ‘ಹುಚ್ಚಾಸ್ಪತ್ರೆ’ ಎಂದು ಕರೆದರು. ಆ ಕಾಲದ ಇಂತಹ ಆಶ್ರಯಗಳಲ್ಲಿ ಕಾವಲೇ ಮುಖ್ಯ, ಉಪಚಾರ ಗೌಣ. ೧೯೨೫ರಲ್ಲಿ ಮೈಸೂರು ಸಂಸ್ಥಾನವು ಅದಕ್ಕೆ ಸರ್ಕಾರಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನಿತ್ತಿತು. ವೈದ್ಯರಾದ ಫ್ರಾಂಕ್ ನೊರೋನ್ಹಾ ಅವರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಅದು ಊರ ದಟ್ಟಣೆಯನ್ನು ಬಿಟ್ಟು ಲಾಲ್‌ಬಾಗಿನಾಚೆಯ ವಿಶಾಲವಾದ ನೆಲಕ್ಕೆ ಬಂದಿತು. ೧೯೫೪ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಲು ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ಆ ದಶಕದಲ್ಲಿಯೇ ಮನೋರೋಗಿಗಳ ಶುಶ್ರೂಷೆಯನ್ನು ಪ್ರತ್ಯೇಕ ವಿದ್ಯೆಯಾಗಿ ದಾದಿಯರಿಗೆ ಕಲಿಸಲು ತೊಡಗಿದುದು ನನ್ನ ಮತಕ್ಕೆ ಕಟ್ಟಡಗಳಿಗಿಂತ ದೊಡ್ಡ ಘಟನೆ. ಕಾವಲುಗಾರನ ಸ್ಥಾನಕ್ಕೆ ಉಪಸ್ಥಾತೃ ಮರಳಿ ಬಂದುದು ಆಗಲೇ. ೧೯೭೪ರಲ್ಲಿ ಆ ಸಂಸ್ಥೆಯೂ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆದುವು.

ಆದರೆ ನಗರದ ಸಂಸ್ಥೆಯು ಹಳ್ಳಿಯ ಜಗಲಿಯನ್ನು ಮುಟ್ಟುವ ಬಗೆ ಹೇಗೆ? ೧೯೭೦ರ ದಶಕದಲ್ಲಿ ಆನೇಕಲ್ ತಾಲೂಕಿನ ಸಕಲವಾರದಲ್ಲಿ ನಿಮ್ಹಾನ್ಸ್ ಗ್ರಾಮಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಕಾರ್ಯಕರ್ತರಿಗೂ ಈ ರೋಗಗಳನ್ನು ಗುರುತಿಸಲು ಕಲಿಸಿತು. ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆ ಕ್ರಮವನ್ನು ವಿಸ್ತರಿಸಲಾಯಿತು. ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ರೋಗಿಯನ್ನು ಯಾವ ರೂಪದಲ್ಲಿಯೂ ಸರಪಳಿಯಲ್ಲಿ ಕಟ್ಟಬಾರದೆಂದೂ, ಏಕಾಂತದಲ್ಲಿ ಕೂಡಿಹಾಕಬಾರದೆಂದೂ ನಿಷೇಧಿಸಿ, ಚರಕನ ಕತ್ತಲೆಮನೆಯ ಬಾಗಿಲನ್ನು ಮುಚ್ಚಿತು. ಆದರೂ ೧೯೮೬ರಲ್ಲಿ ಬೇರೆಯಾದ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಹಳ್ಳಿಗಳಲ್ಲಿ ಇಂತಹ ರೋಗಿಯ ಬಳಿ ಇರುಳಿಡೀ ನಿಲ್ಲುವ ಉಪಸ್ಥಾತೃ ಮನೆಯ ಹೆಂಗಸೇ ಹೊರತು ಬೇರೊಬ್ಬರಲ್ಲ. ಆಕೆಗೆ ಆ ವಿದ್ಯೆಯನ್ನು ಕಲಿಸುವವರು ವಿರಳ.

ಇದನ್ನು ನಾನು ಕಣ್ಣಾರೆ ಕಂಡೆನು. ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯೊಂದರಲ್ಲಿದ್ದ ನನ್ನ ಗುರುಗಳು ಕಡೆಗಾಲದಲ್ಲಿ ಸ್ಮೃತಿಯನ್ನು ಕಳೆದುಕೊಂಡರು. ಅಮರಕೋಶದ ವರ್ಗಗಳು ತಪ್ಪಿಲ್ಲದೆ ಬರುತ್ತಿದ್ದುವು. ಮಗನ ಹೆಸರು ಬರುತ್ತಿರಲಿಲ್ಲ. ಸಂಜೆಯಾದೊಡನೆ, “ನಮ್ಮ ಮನೆಗೆ ಹೋಗೋಣ, ಅಮ್ಮ ಕಾಯುತ್ತಿರುತ್ತಾಳೆ” ಎಂದು ಬಾಗಿಲ ಬಳಿ ನಿಲ್ಲುತ್ತಿದ್ದರು. ನಾನು ತರ್ಕಶಾಸ್ತ್ರ ಓದಿದವನು; “ಇದೇ ತಮ್ಮ ಮನೆ, ಮಾತೃಶ್ರೀಯವರು ತೀರಿ ಎಷ್ಟೋ ವರ್ಷಗಳಾದುವು” ಎಂದು ಪ್ರಮಾಣಗಳೊಡನೆ ಹೇಳಿದೆನು. ತಾಯಿಯ ಮರಣವನ್ನು ಆಗಲೇ ಮೊದಲು ಕೇಳಿದವರಂತೆ ಅವರು ಗಟ್ಟಿಯಾಗಿ ಅತ್ತರು. ಅವರ ಸೊಸೆ ನನ್ನನ್ನು ಒಂದು ಮಾತೂ ಆಡದೆ ಅವರ ಕೈ ಹಿಡಿದು, “ಅಮ್ಮ ಏನು ಅಡುಗೆ ಮಾಡುತ್ತಿದ್ದರು, ಮಾವ?” ಎಂದು ಕೇಳಿದಳು. ಅವರು ಹೇಳತೊಡಗಿದರು, ಹೇಳುತ್ತ ಹೇಳುತ್ತ ಒಳಗೆ ಬಂದು ಕುಳಿತು ಊಟ ಮಾಡಿದರು.

ಆಕೆ ಸುಳ್ಳನ್ನೂ ನುಡಿಯಲಿಲ್ಲ, ಭ್ರಮೆಯನ್ನೂ ಖಂಡಿಸಲಿಲ್ಲ, ಕೇಳಿದಳು, ಅಷ್ಟೇ. ಇಂದಿನ ದಾದಿಯರಿಗೆ ಬೋಧಿಸುವುದೂ ಇದನ್ನೇ: ವಾದಿಸಬೇಡ, ಹೆದರಿಸಬೇಡ, ಮಾತಿನ ಹಿಂದಿರುವ ಅಳಲನ್ನು ಹಿಡಿ. ಮೂವತ್ತು ವರ್ಷ ವ್ಯಾಕರಣ ಪಾಠ ಹೇಳಿದ ನಾನು ‘ಶುಶ್ರೂಷೆ’ಯ ಸನ್ ಪ್ರತ್ಯಯದ ಅರ್ಥವನ್ನು ಆ ಸಂಜೆ, ಅಕ್ಷರ ಬಾರದ ಆ ತಾಯಿಯಿಂದ ಕಲಿತೆನು.