ಕನಸಿನ ಹೊತ್ತಿಗೆ: ಶ್ಲೇಷೆ ಹುಟ್ಟುವುದು ನಿದ್ದೆಯಲ್ಲೋ, ನಿರೂಪಣೆಯಲ್ಲೋ?

ಕನಸು ಇಲ್ಲದ ಪುಸ್ತಕಗಳನ್ನು ತೋರಿಸುತ್ತದೆ, ಪದಗಳೊಡನೆ ಆಟವಾಡುತ್ತದೆ ಎಂಬುದರಲ್ಲಿ ತಕರಾರಿಲ್ಲ. ಕನಸುಗಳ ಕುರಿತ 1900ರ ಗ್ರಂಥದಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ವಿವರಿಸಿದ ಕನಸಿನಲ್ಲಿ ಅವರೆಂದೂ ಬರೆಯದ ಸಸ್ಯಶಾಸ್ತ್ರಗ್ರಂಥವೊಂದು ಎದುರಿಗಿತ್ತು. ಅದರ ಮೂಲವನ್ನು ಅವರು ಅಂಗಡಿಯಲ್ಲಿ ಕಂಡ ಸೈಕ್ಲಮೆನ್ ಪುಸ್ತಕದಲ್ಲೂ 1884ರ ತಮ್ಮ ಕೋಕಾ ಲೇಖನದಲ್ಲೂ ಹುಡುಕಿದರು. 1906ರಲ್ಲಿ ಮನೋವೈದ್ಯ ಕ್ರೇಪೆಲಿನ್ 286 ಕನಸಿನ ಮಾತುಗಳನ್ನು, ಬಹುಪಾಲು ತಮ್ಮವನ್ನೇ, ಕಲೆಹಾಕಿ ಅವನ್ನು ಭಾಷಾವಿಕಾರವೆಂದರು.

ನನ್ನ ತಕರಾರು ಫ್ರಾಯ್ಡರ ಇನ್ನೊಂದು ಮಾತಿನೊಡನೆ. ಕನಸು ಹೊಸ ಸಂಭಾಷಣೆ ಕಟ್ಟದು, ಎಚ್ಚರದಲ್ಲಿ ಕೇಳಿದ, ಆಡಿದ ಮಾತಿನ ಚೂರುಗಳನ್ನೇ ಹೊಲಿಯುತ್ತದೆ ಎಂದರವರು. ಚೂರು ಹಳೆಯದಿರಲಿ; ಅದರ ಎರಡನೆಯ ಅರ್ಥ ಯಾವಾಗ ಹೊಳೆಯಿತು?

ಒಂದು ಕಲ್ಪಿತ ನಿದರ್ಶನ: ಗೋಕಾಕದ ಒಬ್ಬರು ಕನಸಿನಲ್ಲಿ ‘ಬೆಳಗಿನ ಹೊತ್ತಿಗೆ’ ಎಂಬ ಪುಸ್ತಕ ಕಂಡರೆನ್ನಿ. ಬೆಳಗಾಗುವ ವೇಳೆಗೆ ಎಂದೂ ಆಯಿತು, ಬೆಳಗಿನ ಗ್ರಂಥ ಎಂದೂ ಆಯಿತು. ಆದರೆ ಗೋಕಾಕ, ಹುಕ್ಕೇರಿಯ ಆಡುಮಾತಿನಲ್ಲಿ ಪುಸ್ತಕಕ್ಕೆ ‘ಹೊತ್ತಿಗೆ’ ಎನ್ನುವವರು ವಿರಳ. ಅದು ಓದಿನಿಂದ ಬಂದ ಪದ. ಅಂದಮೇಲೆ ಶ್ಲೇಷೆ ಕನಸಿನದೋ, ಬೆಳಿಗ್ಗೆ ಅದನ್ನು ಬರೆದಿಟ್ಟ ಕೈಯದೋ?

ಇಲ್ಲಿ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ನೆರವಿಗೆ ಬರುತ್ತದೆ. ಮೂಡಲಗಿ ಸೀಮೆಯ ಈ ಆಟದಲ್ಲಿ ಭಾಗವತನ ಮಾತನ್ನು ದೂತಿ ಬೇಕೆಂದೇ ಬೇರೆ ಅರ್ಥಕ್ಕೆ ಎಳೆದಾಗ ಜನ ನಗುತ್ತಾರೆ. ಅಂದರೆ ಶ್ಲೇಷೆಗೆ ಆಡುವವರಷ್ಟೇ ಸಾಲದು, ಹಿಡಿಯುವವರೂ ಬೇಕು. ಕನಸಿನಲ್ಲಿ ಆ ದೂತಿಯ ಪಾತ್ರವನ್ನು ಬಹುಶಃ ಎಚ್ಚರವೇ ವಹಿಸುತ್ತದೆ ಎಂಬುದು ನನ್ನ ಊಹೆ. ಊಹೆಯೆಂದೇ ಹೇಳುತ್ತಿದ್ದೇನೆ: ಕನಸಿನೊಳಗೇ ನಕ್ಕು ಎದ್ದವರಿದ್ದಾರೆ, ಅಂಥವರಿಗೆ ಇದು ಅನ್ವಯಿಸದಿರಬಹುದು, ಆಟದ ಪೂರ್ವಸಿದ್ಧ ವಿನೋದವನ್ನು ನಿದ್ದೆಗೆ ಹೋಲಿಸುವುದಕ್ಕೂ ಮಿತಿಯುಂಟು. ಆದರೂ ಕ್ರೇಪೆಲಿನ್ ‘ವಿಕಾರ’ ಎಂದದ್ದು, ಫ್ರಾಯ್ಡ್ ‘ಅರ್ಥ’ ಎಂದದ್ದು ಎರಡೂ ಹೇಳಿಕೆಯ ಮೇಲೆ ನಿಂತ ತೀರ್ಮಾನಗಳು, ಕನಸಿನ ಮೇಲಲ್ಲ.

ಕನ್ನಡ ಮರಾಠಿ ಎರಡನ್ನೂ ಆಡುವ ಗೋಕಾಕ, ಹುಕ್ಕೇರಿಯ ಈ ಗಡಿಸೀಮೆಯವರ ಕನಸಿನಲ್ಲಿ ಶ್ಲೇಷೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆಯೇ ಎಂಬ ಪ್ರಶ್ನೆ ಇನ್ನೂ ಬಾಕಿಯಿದೆ. ಕನಸುಗಳನ್ನು ಸಂಗ್ರಹಿಸುವವರು ಅವನ್ನು ಶಿಷ್ಟ ಕನ್ನಡಕ್ಕೆ ತಿದ್ದುವ ಮೊದಲು, ಹೇಳಿದವರ ದನಿಯಲ್ಲೇ ಧ್ವನಿಮುದ್ರಿಸಿಕೊಳ್ಳಬೇಕು.